ನಲವತ್ತು ಮನೆಗಳ ಹಸಿರು ಬಡಾವಣೆ: ಕಡಿಮೆ ಖರ್ಚಿನಲ್ಲಿ ಕಟ್ಟುವ ಕ್ರಮ, ಅಳತೆ, ಎಡವುವ ಜಾಗಗಳು

ಕಡಿಮೆ ಬೆಲೆಯ ಮನೆಗಳಿಗೆ ಹಸಿರು ಸೌಲಭ್ಯ ಅಂದ ಕೂಡಲೇ ಮಾತು ಸೋಲಾರ್ ಫಲಕದ ಕಡೆ ಹೊರಳುತ್ತದೆ. ಫಲಕವನ್ನು ಐದು ವರ್ಷ ಬಿಟ್ಟು ಬೇಕಾದರೂ ಕೂರಿಸಬಹುದು. ಕಟ್ಟಡ ಯಾವ ದಿಕ್ಕಿಗೆ ಉದ್ದವಾಗಿದೆ, ಬಚ್ಚಲ ನೀರಿನ ಪೈಪು ಶೌಚದ ಪೈಪಿನಿಂದ ಬೇರೆ ಇದೆಯೇ, ಮೇಲಿನ ತಾರಸಿಯ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಮಾತ್ರ ಆಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಒಂದೇ: ಬದಲಿಸಲಾಗದ್ದು ಮೊದಲು, ಬದಲಿಸಬಹುದಾದದ್ದು ಕೊನೆಗೆ. ಮೋಟರು, ಫಿಲ್ಟರು, ವಾಲ್ವು ಇರುವ ಪ್ರತಿಯೊಂದಕ್ಕೂ ನೋಡಿಕೊಳ್ಳುವ ಕೈ ಯಾವುದು ಎಂದು ಕಟ್ಟುವ ಮುಂಚೆಯೇ ಗೊತ್ತಾಗಬೇಕು. ಬಡವರ ಬಡಾವಣೆಯಲ್ಲಿ ಕೆಟ್ಟ ಮೋಟರು ರಿಪೇರಿಯಾಗದೆ ಮೂಲೆಗೆ ಬಿದ್ದರೆ ಅದಕ್ಕೆ ಹಾಕಿದ ಅಷ್ಟೂ ದುಡ್ಡು ಮಣ್ಣುಪಾಲು.

ಲೆಕ್ಕ ಹಿಡಿತಕ್ಕೆ ಸಿಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಬಯಲುಸೀಮೆಯ ತಾಲೂಕು ಕೇಂದ್ರ. ಒಂದು ಎಕರೆ, ಅಂದರೆ 40 ಗುಂಟೆ ಜಾಗ. ಅದರಲ್ಲಿ 40 ಮನೆ. ಒಂದೊಂದರ ಒಳಗಿನ ಅಳತೆ 30 ಚದರ ಮೀಟರ್. ಕೆಳಗೆ ಎರಡು, ಮೇಲೆ ಎರಡು ಮನೆ ಇರುವ ಹತ್ತು ಕಟ್ಟಡ. ಮೆಟ್ಟಿಲು ಸೇರಿ ಒಂದೊಂದು ಕಟ್ಟಡದ ತಾರಸಿ 90 ಚ.ಮೀ. ಮನೆಗೆ ನಾಲ್ಕೂವರೆ ಜನದಂತೆ ಒಟ್ಟು 180 ಜನ. ನಿಮ್ಮ ಊರಿನ ಮಳೆ, ಜನ, ಜಾಗ ಬೇರೆಯಾದರೆ ಈ ಅಂಕಿಗಳನ್ನು ಬದಲಿಸಿ, ಲೆಕ್ಕದ ದಾರಿ ಹಾಗೇ ಇರಲಿ.

1. ನಕ್ಷೆಯ ಮೇಲೆ ದಿಕ್ಕು

ಕಟ್ಟಡದ ಉದ್ದನೆಯ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೆ ಮುಖ ಮಾಡಲಿ, ಗಿಡ್ಡ ಗೋಡೆಗಳು ಪೂರ್ವ ಪಶ್ಚಿಮಕ್ಕೆ ಬರಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಾರಣ ಸೂರ್ಯನ ಎತ್ತರ. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನವೂ ಸೂರ್ಯ ದಿಗಂತದಿಂದ 52 ಡಿಗ್ರಿ ಮೇಲಿರುತ್ತಾನೆ. ನಾಲ್ಕು ಅಡಿ ಎತ್ತರದ ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಕೊಟ್ಟರೆ ಫೆಬ್ರವರಿ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ನಡುಮಧ್ಯಾಹ್ನದ ಬಿಸಿಲು ಗಾಜಿಗೆ ತಾಗುವುದೇ ಇಲ್ಲ. ಚಳಿಗಾಲದಲ್ಲಿ ಒಂದಿಷ್ಟು ಬಿಸಿಲು ಒಳಗೆ ಬರುತ್ತದೆ, ಅದು ಬೇಕಾದದ್ದೇ. ಮೇ ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದರಿಂದ ಬೆಳಗ್ಗೆ ಸಂಜೆ ಉತ್ತರದ ಗೋಡೆಗೂ ಓರೆ ಬಿಸಿಲು ಬೀಳುತ್ತದೆ. ಅಲ್ಲಿ ಸಜ್ಜಾಕ್ಕಿಂತ ಕಿಟಕಿಯ ಎರಡೂ ಪಕ್ಕ ಒಂದಡಿಯ ನಿಲುವು ಗೋಡೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪಶ್ಚಿಮದ ಕಿಟಕಿಗೆ ಎಷ್ಟು ದೊಡ್ಡ ಸಜ್ಜಾ ಹಾಕಿದರೂ ಸಂಜೆ ನಾಲ್ಕರ ಬಿಸಿಲು ಅದರಡಿ ನುಗ್ಗುತ್ತದೆ. ಆ ಕಡೆ ಮೆಟ್ಟಿಲು, ಬಚ್ಚಲು, ಶೌಚಾಲಯ ಇಡಿ. ಹೊರಗೆ ಹೊಂಗೆಯೋ ಬೇವೋ ನೆಡಿ.

ಬಾಗಿಲು ಪೂರ್ವಕ್ಕೇ ಬೇಕು ಎನ್ನುವ ಮನೆಯವರು ಖಂಡಿತ ಸಿಗುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ, ಕಟ್ಟಡವನ್ನೂ ತಿರುಗಿಸಬೇಡಿ. ಬಾಗಿಲ ಮುಂದೆ ನಾಲ್ಕಡಿ ಜಗಲಿ ಕೊಟ್ಟು, ಆ ಜಗಲಿಯೊಳಗೆ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿದರೆ ಎರಡೂ ನಡೆಯುತ್ತದೆ. ಜಗಲಿ ಸಂಜೆಯ ಹರಟೆಗೂ ಒದಗುತ್ತದೆ, ಮುಂಗೋಡೆಗೆ ನೆರಳೂ ಆಗುತ್ತದೆ.

ಗಾಳಿಯ ಲೆಕ್ಕ ಹೀಗೆ. ಮನೆಗಳಲ್ಲಿ ಇಂಧನ ಉಳಿಸಲೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ-ನಿವಾಸ್ ಸಂಹಿತೆಯಲ್ಲಿ ನೆಲದ ವಿಸ್ತೀರ್ಣಕ್ಕೆ ಇಂತಿಷ್ಟು ತೆರೆಯುವ ಜಾಗ ಇರಬೇಕು ಎಂದಿದೆ: ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಶೇ. 12.5, ಬಿಸಿ ಮತ್ತು ಒಣ ವಲಯಕ್ಕೆ ಶೇ. 10, ಕರಾವಳಿಯಂಥ ಬಿಸಿ ಮತ್ತು ತೇವದ ವಲಯಕ್ಕೆ ಶೇ. 16.66. ನಮ್ಮ 30 ಚ.ಮೀ. ಮನೆಗೆ ಅದು ಕ್ರಮವಾಗಿ 3.75, 3 ಮತ್ತು 5 ಚ.ಮೀ. ಇಲ್ಲಿ ಬಹಳ ಜನ ಎಡವುವುದು ಸ್ಲೈಡಿಂಗ್ ಕಿಟಕಿಯಲ್ಲಿ. ನಾಲ್ಕಡಿಗೆ ನಾಲ್ಕಡಿಯ ಸ್ಲೈಡಿಂಗ್ ಕಿಟಕಿ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ, ಲೆಕ್ಕಕ್ಕೆ ಸಿಗುವುದು 0.7 ಚ.ಮೀ. ಮಾತ್ರ. ಅದೇ ಅಳತೆಯ ಎರಡು ರೆಕ್ಕೆಯ ಕಿಟಕಿ 1.4 ಚ.ಮೀ. ಕೊಡುತ್ತದೆ. ಮನೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದರೆ ಎಷ್ಟು ಕಿಟಕಿ ಇದ್ದರೂ ಗಾಳಿ ಹಾಯುವುದಿಲ್ಲ. ಪ್ರತಿ ಮನೆಗೂ ಎದುರುಬದುರಿನ ಎರಡು ಹೊರಗೋಡೆ ಸಿಗುವಂತೆ ನಕ್ಷೆ ಮಾಡಿ. ಒಳಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಬಿಡಿ.

2. ಗೋಡೆ: ಕಾಲಡಿಯ ಮಣ್ಣೇ ಆಗುತ್ತದೆಯೇ ನೋಡಿ

ಹತ್ತಿರ ಸಿಗುವ ವಸ್ತುವೇ ಒಳ್ಳೆಯ ವಸ್ತು. ಕರಾವಳಿಯಲ್ಲಿ ಮುರಕಲ್ಲು ಇದೆ. ಶಾಖೋತ್ಪನ್ನ ಸ್ಥಾವರ ಇರುವ ರಾಯಚೂರಿನ ಸುತ್ತ ಹಾರುಬೂದಿ ಇಟ್ಟಿಗೆ ಸಲೀಸು. ಒಳ್ಳೆಯ ಸುಟ್ಟ ಇಟ್ಟಿಗೆ ಸಿಗುವ ಕಡೆ ಅದನ್ನು ಅಡ್ಡಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್-ಟ್ರ್ಯಾಪ್ ಬಾಂಡ್‌ನಲ್ಲಿ ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಕೆಂಪು ಮಣ್ಣಿನ ಸೀಮೆಯಲ್ಲಾದರೆ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ ಸಾಟಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಬ್ಲಾಕನ್ನು ನಮ್ಮ ಮಣ್ಣಿಗೆ, ನಮ್ಮ ಗಾರೆಯವರ ಕೈಗೆ ಒಗ್ಗಿಸಿತು. ಸುಡುವ ಕಟ್ಟಿಗೆ ಬೇಡ, ಲಾರಿ ಬಾಡಿಗೆಯೂ ಕಡಿಮೆ.

ಮೊದಲು ಮಣ್ಣಿನ ಪರೀಕ್ಷೆ. ಮೇಲಿನ ಒಂದು ಒಂದೂವರೆ ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಅದನ್ನು ತೆಗೆದು ಬೇರೆ ರಾಶಿ ಹಾಕಿ, ತೋಟಕ್ಕೆ ಬೇಕಾಗುತ್ತದೆ. ಕೆಳಗಿನ ಮಣ್ಣನ್ನು ಪುಡಿಮಾಡಿ, ನೇರ ಬದಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ಚಿಟಿಕೆ ಉಪ್ಪು ಹಾಕಿ, ಮೇಲಿನವರೆಗೆ ನೀರು ಸುರಿದು ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು. ಅರ್ಧ ಗಂಟೆಯಲ್ಲಿ ಅದರ ಮೇಲೆ ಕೂರುವುದು ನಯವಾದ ಹೂಳು. ಇಡೀ ದಿನ ಕಳೆದು ಮೇಲೆ ತೆಳ್ಳಗೆ ಕೂರುವುದು ಜೇಡಿ. ಪಟ್ಟಿಯಿಂದ ಮೂರನ್ನೂ ಅಳೆಯಿರಿ. ಬೇಕಾದ ಹದ: ಮರಳು ಶೇ. 65–70, ಜೇಡಿ ಶೇ. 10–15. ನಮ್ಮ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಇದಕ್ಕಿಂತ ಹೆಚ್ಚಿರುತ್ತದೆ. ಕ್ವಾರಿ ಪುಡಿ ಬೆರೆಸಿ ಇಳಿಸಬೇಕು. ಬೆರೆಸಿದ ಮೇಲೆ ಬಾಟಲಿ ಪರೀಕ್ಷೆ ಇನ್ನೊಮ್ಮೆ ಆಗಲಿ.

ಎರೆಮಣ್ಣಿಗೆ ಈ ದಾರಿ ಬೇಡ. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಅದರ ಗುಣವನ್ನು ಸಿಮೆಂಟು ಹಿಡಿದು ನಿಲ್ಲಿಸಲಾರದು.

ಬ್ಲಾಕಿನ ಅಳತೆ 230 × 190 × 100 ಮಿ.ಮೀ. ಸಿಮೆಂಟು ತೂಕದಲ್ಲಿ ಶೇ. 7ರಿಂದ 8, ಒಂದು ಚೀಲಕ್ಕೆ 80–90 ಬ್ಲಾಕು. ನೀರಿನ ಹದವನ್ನು ಕೈಯಲ್ಲೇ ನೋಡಬಹುದು. ಕಲಸಿದ ಮಣ್ಣನ್ನು ಲಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಮಾಡಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ತೂಕದಲ್ಲಿ. ಕೈಯಂತ್ರದ ಅಚ್ಚು ಪ್ರತಿ ಸಲವೂ ಒಂದೇ ಗಾತ್ರಕ್ಕೆ ಒತ್ತುತ್ತದೆ. ಅಚ್ಚಿಗೆ ಮಣ್ಣು ಕಡಿಮೆ ಸುರಿದರೂ ಬ್ಲಾಕು ನೋಡಲು ಹಾಗೇ ಬರುತ್ತದೆ, ಒಳಗೆ ಮಾತ್ರ ಸಡಿಲು. ಕೈಗೂ ಯಂತ್ರ ಹಗುರಾಗಿ ಕಾಣುವುದರಿಂದ ಸಂಜೆಯ ಹೊತ್ತಿಗೆ ಮಣ್ಣು ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಕಣ್ಣಳತೆ ಬೇಡ. ಹದವಾದ ಮಿಶ್ರಣ ಒಂದು ಬ್ಲಾಕಿಗೆ ಸುಮಾರು 8.7 ಕೆ.ಜಿ. ಹಿಡಿಯಬೇಕು. ಯಂತ್ರದ ಪಕ್ಕದಲ್ಲೇ ತಕ್ಕಡಿ ಇಟ್ಟು, ಪ್ರತಿ ಸಲ ತೂಗಿಯೇ ಸುರಿಯಲಿ. ಬ್ಲಾಕಿನ ಮೂಲೆ ಬೆರಳಿಗೆ ಉದುರಿದರೆ ತೂಕ ತಪ್ಪಿದೆ ಅಥವಾ ನೀರು ಕಡಿಮೆಯಾಗಿದೆ. ಸಿಮೆಂಟು ಹಾಕಿ ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ. ಊಟಕ್ಕೆ ಹೋಗುವ ಮುಂಚೆ ಹೊಸ ಕಲಸು ಮಾಡಬಾರದು.

ಒತ್ತಿದ ಬ್ಲಾಕನ್ನು ನೆರಳಲ್ಲಿ ಐದು ಸಾಲಿಗಿಂತ ಎತ್ತರ ಪೇರಿಸದೆ, ಹುಲ್ಲು ಅಥವಾ ಗೋಣಿ ಹೊದಿಸಿ, 21 ದಿನ ನೀರು ಚಿಮುಕಿಸಿ. ಕಟ್ಟಲು ತೆಗೆಯುವುದು 28 ದಿನದ ಮೇಲೆ. ಪ್ರತಿ ಹತ್ತು ಸಾವಿರಕ್ಕೆ ಕೆಲವನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟು ಲ್ಯಾಬಿಗೆ ಕಳಿಸಿ. ಒದ್ದೆ ಬ್ಲಾಕಿನ ಬಲ 3.5 ಮೆಗಾಪ್ಯಾಸ್ಕಲ್ ದಾಟಿದರೆ ಎರಡು ಅಂತಸ್ತಿಗೆ ಧೈರ್ಯವಾಗಿ ಬಳಸಬಹುದು. ಒಣ ಬ್ಲಾಕಿನ ಬಲ ನೋಡಿ ಸಮಾಧಾನಪಡಬೇಡಿ, ಅದು ಯಾವಾಗಲೂ ಹೆಚ್ಚೇ ತೋರಿಸುತ್ತದೆ.

190 ಮಿ.ಮೀ. ದಪ್ಪದ ಗೋಡೆಗೆ ಚ.ಮೀ.ಗೆ 38 ಬ್ಲಾಕು. ಮನೆಗೆ 75 ಚ.ಮೀ. ಗೋಡೆ ಅಂದರೆ 2,850 ಬ್ಲಾಕು, 40 ಮನೆಗೆ 1,14,000. ಆರೇಳು ಜನರ ತಂಡ ಒಂದು ಯಂತ್ರದಲ್ಲಿ ದಿನಕ್ಕೆ 450ರಂತೆ ಒತ್ತಿದರೆ, ಎರಡು ಯಂತ್ರಕ್ಕೆ 127 ಕೆಲಸದ ದಿನ. ಯಾವ ಹೊತ್ತಿನಲ್ಲೂ 25,000 ಬ್ಲಾಕು ನೀರುಣ್ಣುತ್ತ ಕೂತಿರುತ್ತವೆ, ಅದಕ್ಕೆ ನೆರಳಿನ ಜಾಗ ಬೇಕು. ಒಟ್ಟು ಮಿಶ್ರಣ ಸುಮಾರು 990 ಟನ್. ಪಾಯ ಮತ್ತು ಸಂಪು ತೋಡಿದ ಮಣ್ಣು ಇಲ್ಲಿಗೇ ಹೋಗಲಿ, ಹೊರಗೆ ಸಾಗಿಸಬೇಡಿ. ಗೋಡೆ ಕಟ್ಟುವ ಗಾರೆ ಸಿಮೆಂಟು 1, ಕೆಂಪುಮಣ್ಣು 1, ಮರಳು 6 ಪಾಲು. ಬರೀ ಸಿಮೆಂಟು ಮರಳಿನ ಗಾರೆಗಿಂತ ಇದು ಬ್ಲಾಕಿಗೆ ಚೆನ್ನಾಗಿ ಹಿಡಿಯುತ್ತದೆ.

ಮಣ್ಣಿನ ಗೋಡೆಯ ಶತ್ರು ನೆಲಕ್ಕೆ ಬಿದ್ದು ಸಿಡಿಯುವ ಮಳೆಹನಿ. ನೆಲದಿಂದ ಎರಡಡಿ ಸೈಜುಗಲ್ಲಿನ ಪಾಯ ಎದ್ದಿರಬೇಕು, ಮೇಲೆ ಸಜ್ಜಾ ಚಾಚಿರಬೇಕು. ಇವೆರಡಿದ್ದರೆ ಹೊರಗೆ ಪ್ಲಾಸ್ಟರ್ ಬೇಕಿಲ್ಲ. ಬಚ್ಚಲು ಮತ್ತು ಶೌಚದ ಗೋಡೆಗೆ ಮಾತ್ರ ಸುಟ್ಟ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕು ಹಾಕಿ, ನೀರು ಒಸರದಂತೆ ಲೇಪಿಸಿ ಟೈಲ್ಸ್ ಹಚ್ಚಿ. ಪಾಯದ ಮೇಲೆ ಮತ್ತು ಕಿಟಕಿ ಬಾಗಿಲ ಮೇಲೆ ಸುತ್ತ ಹರಿಯುವ ಕಾಂಕ್ರೀಟ್ ಪಟ್ಟಿ ಹಾಕುವುದನ್ನು ತಪ್ಪಿಸಲೇಬಾರದು.

3. ತಾರಸಿ: ಬಿಸಿ ಇಳಿಯುವುದು ಇಲ್ಲಿಂದ

ಮೇಲಿನ ಮನೆಯವರು ಏಪ್ರಿಲ್ ರಾತ್ರಿ ನಿದ್ದೆಗೆಡುವುದು ತಾರಸಿಯಿಂದ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಕೆಳಗೆ ಶಾಖ ಉಗುಳುತ್ತದೆ.

ಕೆಳಗಿನ ಅಂತಸ್ತಿನ ಛಾವಣಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿ. ಕಾಂಕ್ರೀಟಿನ ಕೆಳಭಾಗ ಭಾರಕ್ಕೆ ಹೆಚ್ಚೇನೂ ದುಡಿಯುವುದಿಲ್ಲ, ಅಲ್ಲಿ ಎಳೆತ ತಾಳುವುದು ಕಬ್ಬಿಣ. ಆ ಜಾಗದಲ್ಲಿ ಮಂಗಳೂರು ಹೆಂಚಿನ ಜೋಡಿ ಕೂರಿಸಿದರೆ ಐದರಲ್ಲೊಂದು ಪಾಲಿನಷ್ಟು ಕಾಂಕ್ರೀಟು ಉಳಿಯುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಡವರ ಮನೆಗಳಿಗೆ ಇದನ್ನೇ ಧಾರಾಳವಾಗಿ ಬಳಸಿದರು. ಕೆಲಸದ ಕ್ರಮ:

1. ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣದ ಚೌಕಗಳನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಹೆಂಚಿನ ಸಾಲುಗಳ ನಡುವೆ ಕನಿಷ್ಠ 100 ಮಿ.ಮೀ. ಪಟ್ಟಿ ಇರಲಿ.
2. ಗೋಡೆಯಿಂದ 300 ಮಿ.ಮೀ. ಒಳಗಿನವರೆಗೆ ಹೆಂಚು ಬೇಡ, ಅಲ್ಲಿ ಪೂರ್ತಿ ಕಾಂಕ್ರೀಟೇ ಬೇಕು. ಬಚ್ಚಲ ತಗ್ಗು ಮತ್ತು ಹೊರಚಾಚಿದ ಭಾಗಕ್ಕೂ ಬೇಡ.
3. ಹೆಂಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಒಣ ಹೆಂಚು ಕಾಂಕ್ರೀಟಿನ ನೀರು ಹೀರಿ ಸುತ್ತ ಬಿರುಕು ತರುತ್ತದೆ.
4. ಎರಡು ಹೆಂಚನ್ನು ಮುಖಾಮುಖಿ ಜೋಡಿಸಿ ಕೂರಿಸಿ. ನಡುವಿನ ಗಾಳಿ ಶಾಖ ತಡೆಯುತ್ತದೆ. ಹೆಂಚಿನ ಮೇಲೆ ಕನಿಷ್ಠ 50 ಮಿ.ಮೀ. ಕಾಂಕ್ರೀಟು ಬರಬೇಕು.
5. ಫ್ಯಾನಿನ ಕೊಕ್ಕೆ, ದೀಪದ ಡಬ್ಬಿ ಎಲ್ಲವೂ ಪಟ್ಟಿಯಲ್ಲೇ ಬರಲಿ. ಕಾಂಕ್ರೀಟು ಸುರಿಯುವಾಗ ಓಡಾಡಲು ಹಲಗೆ ಹಾಸಿ, ಹೆಂಚಿನ ಮೇಲೆ ಕಾಲಿಡಬಾರದು, ವೈಬ್ರೇಟರ್ ತಾಗಿಸಬಾರದು.

ಕಬ್ಬಿಣದ ಅಳತೆ ಮತ್ತು ಸ್ಲ್ಯಾಬಿನ ದಪ್ಪವನ್ನು ಸ್ಟ್ರಕ್ಚರಲ್ ಎಂಜಿನಿಯರೇ ಬರೆದುಕೊಡಬೇಕು, ಮೇಸ್ತ್ರಿಯ ಅಂದಾಜಿಗೆ ಬಿಡುವಂಥದ್ದಲ್ಲ.

ಮೇಲಿನ ತಾರಸಿಗೆ ಫಿಲ್ಲರ್ ಸ್ಲ್ಯಾಬ್ ಒಂದೇ ಸಾಲದು. ಇಕೋ-ನಿವಾಸ್ ಸಂಹಿತೆ ತಾರಸಿಯ ಶಾಖವಹನದ ಮಿತಿಯನ್ನು ಚ.ಮೀ.ಗೆ, ಒಂದು ಡಿಗ್ರಿಗೆ 1.2 ವ್ಯಾಟ್ ಎಂದಿಟ್ಟಿದೆ. ಬರೀ ಕಾಂಕ್ರೀಟ್ ತಾರಸಿ ಇದರ ಮೂರು ಪಟ್ಟಿನ ಆಸುಪಾಸು ಇರುತ್ತದೆ. ಅದರ ಮೇಲೆ 40 ಮಿ.ಮೀ. ಗಟ್ಟಿ ಫೋಮ್ ಹಾಳೆ ಹಾಸಿದರೆ ಮಿತಿಯೊಳಗೆ ಚೆನ್ನಾಗಿಯೇ ಬರುತ್ತದೆ. ಕ್ರಮ ತಪ್ಪಬಾರದು: ಮೊದಲು ನೂರಕ್ಕೆ ಒಂದರ ಇಳಿಜಾರು, ನಂತರ ನೀರು ತಡೆಯುವ ಲೇಪ. ಆಮೇಲೆ ತಾರಸಿಯಲ್ಲಿ ಎರಡಿಂಚು ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನ ಛಾವಣಿ ನೋಡಬೇಕು. ಒಸರು ಇಲ್ಲ ಎಂದು ಖಾತ್ರಿಯಾದ ಮೇಲೆ ಫೋಮ್, ಅದರ ಮೇಲೆ ತಂತಿಜಾಲರಿ ಹಾಕಿದ ಕಾಂಕ್ರೀಟ್ ಪದರ, ಕೊನೆಗೆ ಬಿಳಿ ಸೆರಾಮಿಕ್ ಚೂರುಗಳ ಹಾಸು. ಒಡೆದ ಬಿಳಿ ಟೈಲ್ಸ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಫೋಮಿಗೆ ದುಡ್ಡಿಲ್ಲದಿದ್ದರೆ ಬಿಳಿ ಹಾಸನ್ನಾದರೂ ಬಿಡಬೇಡಿ. ಬರೀ ಸುಣ್ಣ ಬಳಿದರೂ ಆ ಬೇಸಿಗೆಗೆ ಗುಣ ಕಾಣುತ್ತದೆ, ಆದರೆ ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಬಿಳುಪಿನ ಮೇಲೆ ಧೂಳು ಕೂತರೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಶಕ್ತಿ ಕುಗ್ಗುತ್ತದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗುಡಿಸಿ.

4. ಪೈಪು: ಗೋಡೆ ಮುಚ್ಚುವ ಮುಂಚೆ

ಮನೆಯಿಂದ ಹೊರಹೋಗುವ ಪೈಪು ಎರಡು: ಶೌಚಕ್ಕೆ 110 ಮಿ.ಮೀ., ಸ್ನಾನ, ಬಟ್ಟೆ ಮತ್ತು ಅಡುಗೆಮನೆಗೆ 75 ಮಿ.ಮೀ. ಒಳಬರುವುದು ಮೂರು: ಅಡುಗೆಮನೆಯ ಒಂದೇ ನಲ್ಲಿಗೆ ಮಳೆನೀರು, ಸ್ನಾನ ಮತ್ತಿತರ ಬಳಕೆಗೆ ಬೋರ್‌ವೆಲ್ ಅಥವಾ ಪುರಸಭೆಯ ನೀರು, ಫ್ಲಶ್ ಟ್ಯಾಂಕಿಗೆ ಮಾತ್ರ ಮರುಬಳಕೆಯ ನೀರು. ಕಟ್ಟುವಾಗ ಇದಕ್ಕೆ ಕೆಲವು ಉದ್ದ ಪೈಪು ಹೆಚ್ಚು ಬೇಕು, ಅಷ್ಟೇ. ಆಮೇಲೆ ಮಾಡಲು ಹೊರಟರೆ 40 ಬಚ್ಚಲು ಅಗೆಯಬೇಕು. ಶುದ್ಧೀಕರಣ ಘಟಕಕ್ಕೆ ಈಗ ಹಣವಿಲ್ಲದಿದ್ದರೂ ಪೈಪು ಬೇರೆ ಹಾಕಿಬಿಡಿ.

ಶೌಚಾಲಯದೊಳಗಿನ ತೊಳೆಯುವ ನಲ್ಲಿಗೆ ಮರುಬಳಕೆಯ ನೀರು ಕೊಡಲೇಕೂಡದು, ಅದು ಮೈಗೆ ತಾಗುವ ನೀರು. ಫ್ಲಶ್ ಟ್ಯಾಂಕ್ ಇಲ್ಲದೆ ಬಕೆಟ್ಟಿನಲ್ಲಿ ಸುರಿಯುವ ಮನೆಯಾದರೆ ಮೂರನೆಯ ಪೈಪು ಬೇಡ, ಆ ನೀರು ತೋಟಕ್ಕೆ ಹೋಗಲಿ. ಮೂರೂ ಪೈಪಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಪ್ಲಾಸ್ಟರ್ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಪ್ಲಂಬರ್ ತಪ್ಪಿ ಒಂದಕ್ಕೊಂದು ಜೋಡಿಸಿದ್ದಾರೆಯೇ ಎಂದು ನೋಡುವುದು ಹೀಗೆ. ಎರಡು ನೀರಿನ ವಾಲ್ವ್ ಮುಚ್ಚಿ, ಒಂದನ್ನೇ ತೆರೆದಿಟ್ಟು, ಮನೆಯ ಎಲ್ಲಾ ನಲ್ಲಿ ತಿರುಗಿಸಿ. ಬರಬಾರದ ನಲ್ಲಿಯಲ್ಲಿ ನೀರು ಬಂದರೆ ಜೋಡಣೆ ತಪ್ಪಾಗಿದೆ. ಮೂರೂ ನೀರಿಗೆ, 40 ಮನೆಗೂ ಮಾಡಿ. ಒಂದೂ ಮನೆ ಬಿಡಬೇಡಿ.

5. ಮಳೆನೀರು: ಕುಡಿಯಲು, ಅಡುಗೆಗೆ

700 ಮಿ.ಮೀ. ಮಳೆ, 90 ಚ.ಮೀ. ತಾರಸಿ, ಶೇ. 85 ಕೈಗೆ ಸಿಗುತ್ತದೆ ಎಂದುಕೊಂಡರೆ ಕಟ್ಟಡಕ್ಕೆ ವರ್ಷಕ್ಕೆ ಸುಮಾರು 53,500 ಲೀಟರ್. ಕಟ್ಟಡದ 18 ಜನ ಎಲ್ಲಾ ಕೆಲಸಕ್ಕೂ ತಲೆಗೆ 100 ಲೀಟರ್ ಬಳಸಿದರೆ ಅದು ಒಂದೇ ತಿಂಗಳಿಗೆ ಖಾಲಿ. ಕುಡಿಯಲು, ಅಡುಗೆಗೆ ಮಾತ್ರ ತಲೆಗೆ 15 ಲೀಟರ್ ಅಂದರೆ ದಿನಕ್ಕೆ 270 ಲೀಟರ್. ಆಗ 198 ದಿನ ಬರುತ್ತದೆ. ಪಾವಗಡ, ಚಿತ್ರದುರ್ಗದ ಕಡೆಯಂತೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಮಕ್ಕಳ ಹಲ್ಲು, ಮೂಳೆ ಉಳಿಸುವ ನೀರು ಇದು. ಇಂಥ ನೀರನ್ನು ಬಟ್ಟೆ ಒಗೆಯಲು ಸುರಿಯಬಾರದು. ಅಡುಗೆಮನೆಗೆ ಬೇರೆ ನಲ್ಲಿ ಕೊಟ್ಟದ್ದು ಇದಕ್ಕೇ.

ಮೊದಲ ಮಳೆಯ ಕೊಳೆ ಹೊರಹೋಗಬೇಕು. ಒಂದು ಮಿ.ಮೀ. ಮಳೆ 90 ಚ.ಮೀ.ಗೆ 90 ಲೀಟರ್ ಆಗುತ್ತದೆ, ಆದ್ದರಿಂದ ಕಟ್ಟಡಕ್ಕೊಂದು 100 ಲೀಟರಿನ ಡ್ರಮ್. ಕೊಳೆನೀರು ಅದನ್ನು ತುಂಬಿದ ಮೇಲಷ್ಟೇ ಶುಭ್ರ ನೀರು ಮರಳಿನ ಫಿಲ್ಟರಿನ ಮೂಲಕ ಸಂಪಿಗೆ ಹರಿಯುವಂತೆ ಟಿ-ಜೋಡಣೆ ಕೊಡಿ. ಡ್ರಮ್ಮಿನ ತಳದಲ್ಲಿ 3 ಮಿ.ಮೀ. ತೂತು ಇದ್ದರೆ ಮುಂದಿನ ಮಳೆಯ ಹೊತ್ತಿಗೆ ತಾನೇ ಖಾಲಿಯಾಗುತ್ತದೆ. ಈ ತೂತಿಗೆ ಎಲೆ ಸಿಕ್ಕಿಕೊಂಡರೆ ಡ್ರಮ್ ತುಂಬಿಯೇ ಇರುತ್ತದೆ, ಎಲ್ಲಾ ಕೊಳೆಯೂ ನೇರ ಸಂಪಿಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಡ್ಡಿ ಹಾಕಿ ನೋಡುವುದು ಒಂದು ನಿಮಿಷದ ಕೆಲಸ.

ಸಂಪು 12,000 ಲೀಟರ್ ಇರಲಿ, ಮಳೆ ಹಿಂದೆ ಬಿದ್ದರೆ 44 ದಿನ ತಡೆಯುತ್ತದೆ. ಒಳಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಗಾಳಿಕೊಳವೆಗೂ ಹೆಚ್ಚಾದ ನೀರು ಹೊರಹೋಗುವ ಕೊಳವೆಗೂ ಸೊಳ್ಳೆಜಾಲರಿ ಕಟ್ಟಿ. ನೀರೆತ್ತಲು ಸಣ್ಣ ಮೋಟರಿನ ಜೊತೆಗೆ ಒಂದು ಕೈಪಂಪೂ ಇರಲಿ, ಕರೆಂಟು ಹೋದ ದಿನ ಕೊಡ ತುಂಬಬೇಕಲ್ಲ. ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್: 1,000 ಲೀಟರಿಗೆ 2.5 ಗ್ರಾಂ, ತುಂಬಿದ ಸಂಪಿಗೆ 30 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲಿನ ತಿಳಿಯನ್ನು ಸಂಪಿಗೆ ಬಿಟ್ಟು ಒಂದು ಗಂಟೆ ಕಾಯಿರಿ.

ಹೆಚ್ಚಾದ ನೀರು ಇಂಗುಬಾವಿಗೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿ ಒಮ್ಮೆಗೆ 4,000 ಲೀಟರ್ ಹಿಡಿಯುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಭೋವಿ ಸಮುದಾಯದವರಿಗೆ ಯಾವ ಪದರದಲ್ಲಿ ನೀರು ಇಂಗುತ್ತದೆ ಎಂಬುದು ಮಣ್ಣು ಮುಟ್ಟಿದರೆ ಗೊತ್ತು; ಜೆಸಿಬಿಗಿಂತ ಅವರನ್ನು ಕರೆಯಿರಿ. ತಳಕ್ಕೆ ಕಾಂಕ್ರೀಟು ಹಾಕಬೇಡಿ. ಸೆಪ್ಟಿಕ್ ಟ್ಯಾಂಕಿನಿಂದ ಕನಿಷ್ಠ 50 ಅಡಿ ದೂರವಿರಲಿ. ಅಂಗಳದ ಕೆಸರುನೀರು ನೇರ ಬಾವಿಗಿಳಿದರೆ ಹೂಳು ಕೂತು ಎರಡು ಮಳೆಗಾಲದಲ್ಲಿ ಇಂಗುವುದು ನಿಲ್ಲುತ್ತದೆ, ಬಾವಿಗೆ ಮೊದಲು ಒಂದು ಹೂಳುಗುಂಡಿ ಬೇಕೇ ಬೇಕು.

6. ಬಚ್ಚಲ ನೀರು

ತಲೆಗೆ 60 ಲೀಟರಿನಂತೆ ದಿನಕ್ಕೆ 10,800 ಲೀಟರ್ ಬಚ್ಚಲ ಮತ್ತು ಅಡುಗೆಮನೆಯ ನೀರು ಬರುತ್ತದೆ. ಗಾಳಿಯೂದುವ ಯಂತ್ರಗಳ ಶುದ್ಧೀಕರಣ ಘಟಕ ಇಷ್ಟು ಸಣ್ಣ ಬಡಾವಣೆಗೆ ಬೇಡ. ಕರೆಂಟು, ಆಪರೇಟರ್ ಎರಡೂ ಹೊರೆ. ಗಿಡ ನೆಟ್ಟ ಜಲ್ಲಿಯ ಹಾಸು ಸಾಕು.

ಮೊದಲು ಪ್ರತಿ ಅಡುಗೆಮನೆಯ ಪೈಪಿಗೆ ಜಿಡ್ಡು ಹಿಡಿಯುವ ಸಣ್ಣ ಗುಂಡಿ. ಆಮೇಲೆ ಒಂದು ದಿನದ ನೀರು ಹಿಡಿಯುವ ಎರಡು ಕೋಣೆಯ ತೊಟ್ಟಿ. ಅದರ ಮುಂದೆ ಜಲ್ಲಿ ಹಾಸು: ತಲೆಗೆ ಒಂದು ಚ.ಮೀ. ಲೆಕ್ಕದಲ್ಲಿ 180 ಚ.ಮೀ., ಆಳ 60 ಸೆಂ.ಮೀ., ತಳಕ್ಕೆ ಶೇ. 1 ಇಳಿಜಾರು, ನೀರು ಇಂಗದ ಹಾಳೆ. ಒಳಬರುವ ಮತ್ತು ಹೊರಹೋಗುವ ತುದಿಗೆ 40–60 ಮಿ.ಮೀ. ಜಲ್ಲಿ, ನಡುವೆ 10–20 ಮಿ.ಮೀ. ತೊಳೆದ ಜಲ್ಲಿ. ತೊಳೆಯದ ಜಲ್ಲಿಯ ಪುಡಿ ಮೊದಲ ವರ್ಷವೇ ದಾರಿ ಕಟ್ಟುತ್ತದೆ. ಕಾಬಾಳೆ, ಕೆಸು ಚೆನ್ನಾಗಿ ಬರುತ್ತವೆ, ಚ.ಮೀ.ಗೆ ನಾಲ್ಕು ಗಿಡ. ನೀರು ಒಳಗೆ ಸುಮಾರು ನಾಲ್ಕು ದಿನ ನಿಂತು ಹರಿಯುತ್ತದೆ.

ಹೊರತುದಿಯ ಮೊಣಕೈ ಪೈಪನ್ನು ತಿರುಗಿಸಿ ನೀರಿನ ಮಟ್ಟವನ್ನು ಜಲ್ಲಿಯ ಮೇಲ್ಮೈಯಿಂದ ಮೂರಿಂಚು ಕೆಳಗೇ ನಿಲ್ಲಿಸಬೇಕು. ಮೇಲೆ ನೀರು ಕಂಡರೆ ಸೊಳ್ಳೆ, ವಾಸನೆ ಎರಡೂ ಶುರು. ಅದರ ಅರ್ಥ ಜಿಡ್ಡು ಒಳಗೆ ಹೋಗಿ ಮುಂದಿನ ಜಲ್ಲಿ ಕಟ್ಟಿದೆ. ಮುಂತುದಿಯ ಮೂರಡಿ ಜಲ್ಲಿಯನ್ನು ತೆಗೆದು, ತೊಳೆದು ಹಾಕಿದರೆ ಸರಿಹೋಗುತ್ತದೆ. ಎಣ್ಣೆ, ಅನ್ನದ ಅಗುಳು ಸಿಂಕಿಗೆ ಬೀಳದಂತೆ ಜಾಲರಿ ಕೊಡುವುದು ಇದಕ್ಕಿಂತ ಸುಲಭ.

ಫ್ಲಶ್ಶಿಗೆ ತಲೆಗೆ 30 ಲೀಟರ್, ದಿನಕ್ಕೆ 5,400 ಲೀಟರ್. ಅದನ್ನು ಮೇಲಿನ ಟ್ಯಾಂಕಿಗೆ ಎತ್ತಲು ದಿನಕ್ಕೆ ಅರ್ಧ ಯೂನಿಟ್ಟಿನಷ್ಟು ಕರೆಂಟು ಸಾಕು. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ನಾತ ಬರುತ್ತದೆ. ಉಳಿದದ್ದು ಹೊಂಗೆ, ಬೇವು, ನುಗ್ಗೆ, ಕರಿಬೇವಿನ ಬುಡಕ್ಕೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಿಡಬೇಡಿ.

7. ಕರೆಂಟು, ಕೊನೆಗೆ

ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿಯಡಿ 200 ಯೂನಿಟ್ ಮಿತಿಯೊಳಗೆ ಮನೆಯ ಸರಾಸರಿ ಬಳಕೆಗೆ ಬಿಲ್ಲಿಲ್ಲ. ಇಂಥ ಮನೆಗಳ ಬಳಕೆ ಅದರೊಳಗೇ ಇರುವುದರಿಂದ ಮನೆಮನೆಗೆ ಫಲಕ ಹಾಕಿ ಮನೆಯವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಜೇಬಿಗೆ ಭಾರವಾಗುವುದು ನಿವಾಸಿಗಳ ಸಂಘ ತುಂಬಬೇಕಾದ ಸಾಮೂಹಿಕ ಮೀಟರಿನ ಬಿಲ್ಲು. ಬೋರ್‌ವೆಲ್ ಮೋಟರು 3 ಎಚ್‌ಪಿ, ದಿನಕ್ಕೆ ಮೂರು ಗಂಟೆ: ಸುಮಾರು 7 ಯೂನಿಟ್. 20 ವ್ಯಾಟಿನ 20 ಬೀದಿದೀಪ ರಾತ್ರಿಯಿಡೀ: ನಾಲ್ಕೂವರೆ. ಸಣ್ಣ ಮೋಟರು, ಮೆಟ್ಟಿಲ ದೀಪ ಸೇರಿ ಒಟ್ಟು 14 ಯೂನಿಟ್. ಒಂದು ಕಿಲೋವ್ಯಾಟ್ ದಿನಕ್ಕೆ 4 ಯೂನಿಟ್ ಕೊಡುತ್ತದೆ ಎಂದರೆ 4 ಕಿಲೋವ್ಯಾಟ್ ಸಾಕು, 5 ಹಾಕಿದರೆ ನಿರಾಳ. ಬೇಕಾದ ಜಾಗ 50 ಚ.ಮೀ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘದ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂ. ಸಹಾಯಧನವಿದೆ. ಸಾಮೂಹಿಕ ಮೀಟರ್ ಗುತ್ತಿಗೆದಾರರ ಹೆಸರಲ್ಲೇ ಉಳಿದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಮೊದಲು ಸಂಘ ನೋಂದಾಯಿಸಿ, ಮೀಟರನ್ನು ಸಂಘದ ಹೆಸರಿಗೆ ಮಾಡಿಸಿ. ಫಲಕದ ಕಾಲುಗಳನ್ನು ತಾರಸಿಗೆ ತೂತು ಕೊರೆದು ಕೂರಿಸಬೇಡಿ, ಕಾಂಕ್ರೀಟ್ ದಿಮ್ಮಿಯ ಮೇಲೆ ನಿಲ್ಲಿಸಿ.

8. ಬೀಗದ ಕೈ ಕೊಡುವ ದಿನ

ಮನೆಗೆ ತಿಂಗಳಿಗೆ 150 ರೂ. ಎಂದರೆ 6,000 ರೂ. ಸೇರುತ್ತದೆ. ಅದರಲ್ಲಿ ದಿನಕ್ಕೆ ಒಂದೆರಡು ತಾಸು ಬರುವ ಒಬ್ಬರಿಗೆ ಸಂಬಳ. ಉಳಿದದ್ದು ಬ್ಲೀಚಿಂಗ್ ಪೌಡರ್, ವಾಲ್ವು, ಮೋಟರಿನ ರಿಪೇರಿಗೆ. ಆ ವ್ಯಕ್ತಿ ಬಡಾವಣೆಯವರೇ ಆದರೆ ಒಳ್ಳೆಯದು. ಪೈಪು ಜೋಡಿಸುವಾಗಲೇ ಪ್ಲಂಬರ್ ಜೊತೆ ಅವರನ್ನು ಬಿಡಿ, ಯಾವ ವಾಲ್ವ್ ಎಲ್ಲಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಪೈಪು ಮತ್ತು ವಾಲ್ವಿನ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಪಂಪುಮನೆಯ ಗೋಡೆಗೇ ಬಣ್ಣದಲ್ಲಿ ಬಿಡಿಸಿ, ಕಾಗದ ಕಳೆದುಹೋಗುತ್ತದೆ.

ಮನೆಯವರಿಗೆ ಹೇಳಲೇಬೇಕಾದದ್ದು: ಛಾವಣಿಗೆ ಹೊಸ ಕೊಕ್ಕೆ ಕೊರೆಯುವ ಮುಂಚೆ ಪಟ್ಟಿ ಎಲ್ಲಿದೆ ನೋಡಬೇಕು, ಹೆಂಚಿನ ಮೇಲೆ ಕೊರೆದರೆ ಒಡೆಯುತ್ತದೆ. ಪಶ್ಚಿಮದ ಗೋಡೆಗೆ ಹೊಸ ಕಿಟಕಿ ಒಡೆಯಬಾರದು. ಜಗಲಿ ಮುಚ್ಚಿ ಕೋಣೆ ಮಾಡಿಕೊಂಡರೆ ಹಿಂದಿನ ಕೋಣೆಗೆ ಗಾಳಿ ನಿಲ್ಲುತ್ತದೆ.

ಏಪ್ರಿಲ್ ಕೊನೆಯ ವಾರ ತಾರಸಿ ಗುಡಿಸಿ, ಡ್ರಮ್ ತೊಳೆದು, ಫಿಲ್ಟರಿನ ಮೇಲ್ಪದರದ ಮರಳು ಬದಲಿಸಿ. ಮೊದಲ ಜೋರು ಮಳೆ ಬಂದಾಗ ಇಬ್ಬರು ಛತ್ರಿ ಹಿಡಿದು ಹತ್ತೂ ಕಟ್ಟಡ ಸುತ್ತಲಿ: ತಾರಸಿಯ ಬಾಯಲ್ಲಿ ಎಲೆ ಸಿಕ್ಕಿದೆಯೇ, ಡ್ರಮ್ ತುಂಬಿದ ಮೇಲೆ ನೀರು ಫಿಲ್ಟರಿಗೆ ತಿರುಗುತ್ತಿದೆಯೇ, ಸಂಪು ತುಂಬಿದ್ದು ಬಾವಿಗೆ ಹೋಗುತ್ತಿದೆಯೋ ಪಾಯದ ಪಕ್ಕ ನಿಲ್ಲುತ್ತಿದೆಯೋ. ನೀರು ನಿಂತ ಜಾಗಕ್ಕೆ ಗೂಟ ನೆಟ್ಟು ಗುರುತು ಹಾಕಿ, ಮರುದಿನವೇ ಇಳಿಜಾರು ತಿದ್ದಿಸಿ.